ತಿರುವನ್ನು ಓದಿದ ಸವಾರ: ಯಾರ್ನೊ ಸಾರಿನೆನ್

ನಮ್ಮ ವಾರ್ತಾಪತ್ರಿಕೆಯಲ್ಲಿ ಪ್ರತಿ ಸಲವೂ ಒಬ್ಬ ದೊಡ್ಡ ವ್ಯಕ್ತಿಯ ಪರಿಚಯ ಬರುತ್ತದೆ. ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರು, ಕವಿಗಳು ಬಂದು ಹೋಗಿದ್ದಾರೆ. ಈ ಸಲ ನನ್ನ ಸರದಿ. ನಾನು ಒಬ್ಬ ಮೋಟಾರ್ ಸೈಕಲ್ ಓಟಗಾರನ ಹೆಸರು ಕೊಟ್ಟಾಗ ಕನ್ನಡ ಉಪನ್ಯಾಸಕರು ಮೊದಲು ಒಪ್ಪಲಿಲ್ಲ. ಹುಡುಗರಿಗೆ ಈಗಲೇ ಬೈಕಿನ ಹುಚ್ಚು ಸಾಕಷ್ಟಿದೆ, ಅದಕ್ಕೆ ಇನ್ನೂ ಎಣ್ಣೆ ಸುರಿಯಬೇಡ ಎಂದರು. ಕಾರಣ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಕಾರಣವನ್ನೂ ಸೇರಿಸಿ ಬರೆ ಎಂದರು. ಆದ್ದರಿಂದ ಇದರಲ್ಲಿ ಅವರ ಕಥೆಯೂ ಇದೆ, ನನ್ನದೂ ಸ್ವಲ್ಪ ಇದೆ. ನಮ್ಮ ಮನೆ ಮಾತು ಉರ್ದು. ಕನ್ನಡದಲ್ಲಿ ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಯಾರ್ನೊ ಸಾರಿನೆನ್ ಹುಟ್ಟಿದ್ದು 1945ರ ಡಿಸೆಂಬರ್ 11ರಂದು, ಫಿನ್‌ಲೆಂಡ್ ದೇಶದ ತುರ್ಕು ಎಂಬ ಊರಿನಲ್ಲಿ. ಫಿನ್‌ಲೆಂಡ್ ಭೂಮಿಯ ಉತ್ತರದ ತುದಿಗೆ ಹತ್ತಿರದ ದೇಶ. ನಮಗೆ ಮಳೆಗಾಲ ಹೇಗೋ ಅವರಿಗೆ ಚಳಿಗಾಲ ಹಾಗೆ. ತಿಂಗಳುಗಟ್ಟಲೆ ಕೆರೆಗಳು ಹೆಪ್ಪುಗಟ್ಟಿ ನೆಲದಂತೆ ಗಟ್ಟಿಯಾಗುತ್ತವೆ. ಅಲ್ಲಿನ ಹುಡುಗರು ಅದರ ಮೇಲೆ ಬೈಕ್ ಓಡಿಸುತ್ತಾರೆ, ಪಂದ್ಯವನ್ನೂ ಮಾಡುತ್ತಾರೆ. ಸಾರಿನೆನ್ ಕಲಿತದ್ದು ಇಂಥ ಕಡೆ. 1965ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರು ತಮ್ಮ ದೇಶದ ಹಿಮದ ಮೇಲಿನ ಓಟದಲ್ಲಿ ಚಾಂಪಿಯನ್ ಆದರು.

ಹಿಮಗಡ್ಡೆಯ ಮೇಲೆ ಟೈರಿಗೆ ಹಿಡಿತ ಬಹಳ ಕಡಿಮೆ. ಜೋರಾಗಿ ಬ್ರೇಕ್ ಹಾಕಿದರೆ ಬಿದ್ದಿರಿ, ಆಕ್ಸಲರೇಟರನ್ನು ಒಮ್ಮೆಲೇ ತಿರುಗಿಸಿದರೂ ಬಿದ್ದಿರಿ. ಬೈಕ್ ಜಾರುವ ಮೊದಲೇ ಅದು ಜಾರಲಿದೆ ಎಂದು ಸವಾರನ ಮೈಗೆ ತಿಳಿಯಬೇಕು. ಆ ಅರಿವು ಬಂದವನಿಗೆ ಡಾಂಬರು ರಸ್ತೆಯಲ್ಲಿ ಎಷ್ಟು ಧೈರ್ಯ ಸಿಗಬಹುದು, ಯೋಚಿಸಿ.

ಸಾರಿನೆನ್ ಬರೀ ಸವಾರರಾಗಿರಲಿಲ್ಲ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ತಮ್ಮ ಬೈಕಿನ ಎಂಜಿನ್ನನ್ನು ತಾವೇ ಬಿಚ್ಚಿ ತಾವೇ ಜೋಡಿಸುತ್ತಿದ್ದರು. 1970ರಲ್ಲಿ ಯಮಹಾ ಬೈಕಿನೊಂದಿಗೆ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್‌ಶಿಪ್‌ಗೆ ಇಳಿದು, ಓದು ಮುಗಿಸಲು ಕೊನೆಯ ಕೆಲವು ಪಂದ್ಯಗಳನ್ನೇ ಬಿಟ್ಟು ಊರಿಗೆ ಮರಳಿದರು. ಆದರೂ ಆ ವರ್ಷ ನಾಲ್ಕನೇ ಸ್ಥಾನ ಅವರದಾಯಿತು. ಪರೀಕ್ಷೆ ಬಿಟ್ಟು ಕ್ರಿಕೆಟ್ ಟೂರ್ನಮೆಂಟಿಗೆ ಹೋಗುವ ನಮ್ಮ ಕೆಲವು ಗೆಳೆಯರು ಈ ಸಾಲನ್ನು ಎರಡು ಸಲ ಓದಬೇಕು.

ಅವರ ಪತ್ನಿ ಸೋಯ್ಲಿ ಕೂಡ ಜೊತೆಯಲ್ಲೇ ಯೂರೋಪಿನ ಊರೂರು ಸುತ್ತುತ್ತಿದ್ದರು. ಬೈಕು, ಸಾಮಾನು, ಸಂಸಾರ ಎಲ್ಲವೂ ವ್ಯಾನಿನಲ್ಲಿ. ದೊಡ್ಡ ಕಂಪನಿಯ ತಂಡ, ಹತ್ತಾರು ಮೆಕ್ಯಾನಿಕ್‌ಗಳು ಇವೆಲ್ಲ ಬಂದದ್ದು ಬಹಳ ನಂತರ.

1971ರಲ್ಲಿ ಚೆಕೊಸ್ಲೊವಾಕಿಯಾದ ಬ್ರನೋ ಎಂಬಲ್ಲಿ 350 ಸಿಸಿ ವಿಭಾಗದಲ್ಲಿ ಅವರು ಮೊದಲ ಗ್ರ್ಯಾಂಡ್ ಪ್ರಿ ಗೆದ್ದರು. ಚೆಕೊಸ್ಲೊವಾಕಿಯಾ ಎಂದರೆ ನಮಗೆ ದೂರದ ಹೆಸರೇನಲ್ಲ. ಜಾವಾ ಬೈಕು ಹುಟ್ಟಿದ್ದು ಅಲ್ಲೇ. ಅದನ್ನೇ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 60ರ ದಶಕದ ಆರಂಭದಿಂದ ಇಲ್ಲಿ ತಯಾರಿಸಿತು. ಮುಂದೆ ಅದು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಾಗರದಲ್ಲಿ ನಮ್ಮ ಚಿಚ್ಚಾ ಅವರ ಗ್ಯಾರೇಜಿನ ಮೂಲೆಯಲ್ಲಿ ಈಗಲೂ ಒಂದು ಯೆಜ್ಡಿ ನಿಂತಿದೆ. ಅದೂ 250 ಸಿಸಿ, ಅದೂ ಟೂ ಸ್ಟ್ರೋಕ್. ಸಾರಿನೆನ್ ವಿಶ್ವ ಚಾಂಪಿಯನ್ ಆದ ಯಮಹಾ ಕೂಡ 250 ಸಿಸಿ ಟೂ ಸ್ಟ್ರೋಕೇ. ಆದರೆ ಯೆಜ್ಡಿಗೆ ಒಂದು ಸಿಲಿಂಡರ್, ಆ ಯಮಹಾಕ್ಕೆ ಎರಡು. ಎರಡನ್ನೂ ಒಂದೇ ಎಂದು ತಿಳಿಯಬಾರದು ಎಂದು ಚಿಚ್ಚಾ ನಗುತ್ತಾರೆ.

ಈಗ ಅವರ ಸವಾರಿಯ ವಿಷಯ. ಅವರ ಕಾಲದ ಹೆಚ್ಚಿನ ಓಟಗಾರರು ತಿರುವಿನಲ್ಲಿ ಬೈಕಿನ ಜೊತೆ ಒಂದೇ ಗೆರೆಯಲ್ಲಿ ವಾಲುತ್ತಿದ್ದರು. ಮೊಣಕಾಲು ಪೆಟ್ರೋಲ್ ಟ್ಯಾಂಕಿಗೆ ಅಂಟಿಕೊಂಡಿರುತ್ತಿತ್ತು, ಬೆನ್ನು ಬೈಕಿನ ನೇರಕ್ಕೆ ಇರುತ್ತಿತ್ತು. ಅದೇ ಚೆಂದದ ಸವಾರಿ ಎಂದು ಎಲ್ಲರೂ ಒಪ್ಪಿದ್ದರು. ಸಾರಿನೆನ್ ಹ್ಯಾಂಡಲ್‌ಗಳನ್ನು ಬಹಳ ಕಡಿದಾಗಿ ಕೆಳಕ್ಕೆ ಬಾಗಿಸಿಕೊಂಡರು. ಗದ್ದ ಟ್ಯಾಂಕಿಗೆ ತಾಗುವಷ್ಟು ಬಗ್ಗಿ ಕೂರುತ್ತಿದ್ದರು. ತಿರುವು ಬಂದಾಗ ಸೀಟಿನಿಂದ ಒಳಬದಿಗೆ ಸರಿದು, ಒಳಗಿನ ಮೊಣಕಾಲನ್ನು ಹೊರಗೆ ಚಾಚುತ್ತಿದ್ದರು.

ಇದು ಶೋಕಿಗಲ್ಲ, ಇದರ ಹಿಂದೆ ಲೆಕ್ಕ ಇದೆ. ನಾನು ಕಾಮರ್ಸ್ ವಿದ್ಯಾರ್ಥಿ. ಫಿಸಿಕ್ಸ್ ಓದುವ ಗೆಳೆಯನ ಪಕ್ಕ ಕೂತು ಇದನ್ನು ಅರ್ಥ ಮಾಡಿಕೊಂಡೆ. ತಿರುವಿನಲ್ಲಿ ಬೈಕ್ ವಾಲದಿದ್ದರೆ ಹೊರಕ್ಕೆ ಮಗುಚುತ್ತದೆ. ಎಷ್ಟು ವಾಲಬೇಕು ಎಂಬುದನ್ನು ವೇಗ ಮತ್ತು ತಿರುವಿನ ಅಳತೆ ನಿರ್ಧರಿಸುತ್ತವೆ. 20 ಮೀಟರ್ ತ್ರಿಜ್ಯದ ತಿರುವು ಎಂದು ಇಟ್ಟುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋದರೆ ಸುಮಾರು 27 ಡಿಗ್ರಿ ವಾಲಬೇಕು. 50 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 45 ಡಿಗ್ರಿ. ವೇಗ ಹೆಚ್ಚಿದ್ದು 14 ಕಿಲೋಮೀಟರ್ ಮಾತ್ರ, ಆದರೆ ವಾಲುವಿಕೆ 18 ಡಿಗ್ರಿ ಹೆಚ್ಚಿತು. ವೇಗವನ್ನು 36ರಿಂದ 72ಕ್ಕೆ ಏರಿಸಿದರೆ 60 ಡಿಗ್ರಿ ದಾಟಿ ವಾಲಬೇಕು. ಅದು ವಿಶೇಷ ಟೈರಿನ ಮೇಲೆ ಈಗಿನ ಮೋಟೋ ಜಿಪಿ ಸವಾರರು ಮಾಡುವ ಕೆಲಸ. ನಮ್ಮ ರಸ್ತೆಯಲ್ಲಿ, ನಮ್ಮ ಟೈರಿನಲ್ಲಿ ಅದು ಆಗದ ಮಾತು.

ಈ ಕೋನ ಬೈಕಿನದ್ದು ಮಾತ್ರ ಅಲ್ಲ. ಬೈಕು ಮತ್ತು ಸವಾರ ಇಬ್ಬರ ಭಾರವನ್ನೂ ಸೇರಿಸಿದ ಗುರುತ್ವ ಕೇಂದ್ರದ್ದು. ಸವಾರ ತನ್ನ ಮೈಯನ್ನು ಒಳಬದಿಗೆ ಸರಿಸಿದರೆ ಆ ಕೇಂದ್ರವೂ ಒಳಕ್ಕೆ ಸರಿಯುತ್ತದೆ. ಆಗ ಅದೇ ವೇಗಕ್ಕೆ ಬೈಕ್ ಅಷ್ಟು ವಾಲಬೇಕಾಗಿಲ್ಲ. ಫುಟ್‌ರೆಸ್ಟು, ಸೈಲೆನ್ಸರ್ ನೆಲಕ್ಕೆ ಉಜ್ಜುವುದಿಲ್ಲ. ಟೈರಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಮೊಣಕಾಲು ನೆಲಕ್ಕೆ ತಾಗಿದರೆ ಎಷ್ಟು ವಾಲಿದ್ದೇವೆ ಎಂಬ ಅಳತೆಯೂ ಸಿಗುತ್ತದೆ. ಮೊಣಕಾಲು ಅಳತೆಗೋಲು ಮಾತ್ರ, ಅದು ಬೈಕನ್ನು ಹಿಡಿದು ನಿಲ್ಲಿಸುವುದಿಲ್ಲ.

ಟೈರಿನ ಹಿಡಿತವನ್ನು ನಾನು ಒಂದು ಪರ್ಸಿನ ಹಾಗೆ ಅರ್ಥ ಮಾಡಿಕೊಂಡಿದ್ದೇನೆ. ಅದರಲ್ಲಿ ನೂರು ರೂಪಾಯಿ ಇದೆ ಎಂದುಕೊಳ್ಳಿ. ಬ್ರೇಕ್ ಹಾಕಿದರೂ ಅದರಿಂದಲೇ ಖರ್ಚು, ತಿರುಗಿದರೂ ಅದರಿಂದಲೇ ಖರ್ಚು. ತಿರುಗಲು ತೊಂಬತ್ತು ಖರ್ಚು ಮಾಡಿದವನು ಮಧ್ಯದಲ್ಲಿ ಹೆದರಿ ಮೂವತ್ತರ ಬ್ರೇಕ್ ಹಾಕಿದರೆ ಪರ್ಸಿನಲ್ಲಿ ದುಡ್ಡಿಲ್ಲ. ಅದಕ್ಕೇ ಬ್ರೇಕಿನ ಕೆಲಸವನ್ನು ತಿರುವಿನ ಮೊದಲೇ ಮುಗಿಸಬೇಕು. ಕಣ್ಣು ತಿರುವು ಮುಗಿಯುವ ಕಡೆಗೆ ಇರಬೇಕು. ಆಕ್ಸಲರೇಟರನ್ನು ಮೆಲ್ಲಗೆ ಕೊಡುತ್ತಾ ಹೊರಬರಬೇಕು. ಮಳೆ ಬಿದ್ದ ದಿನ ಪರ್ಸಿನಲ್ಲಿ ನೂರು ರೂಪಾಯಿಯೂ ಇರುವುದಿಲ್ಲ.

ಇದೆಲ್ಲ ನನಗೆ ಮೊದಲೇ ಗೊತ್ತಿದ್ದಿದ್ದರೆ ಚೆನ್ನಾಗಿತ್ತು. ಈಗ ನನ್ನ ಕಥೆ ಹೇಳುತ್ತೇನೆ.

ಕಳೆದ ದಸರಾ ರಜೆಯಲ್ಲಿ ತೀರ್ಥಹಳ್ಳಿಯಿಂದ ನನ್ನ ಮಾಮು ಅವರ ಮಗ ನಮ್ಮ ಮನೆಗೆ ಬಂದಿದ್ದ. ಅವನು ಎಸ್ಸೆಸ್ಸೆಲ್ಸಿ. ನಾನು ಆ ದಿನಗಳಲ್ಲಿ ಮೊಬೈಲಿನಲ್ಲಿ ಬೈಕ್ ರೇಸಿನ ವಿಡಿಯೋ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಭಾಯಿಜಾನ್ ಮಲಗಿದ್ದಾಗ ಅವರ ಬೈಕಿನ ಕೀ ತೆಗೆದುಕೊಂಡು, ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೊಸನಗರದ ರಸ್ತೆ ಹಿಡಿದೆ. ನನಗೆ ಲೈಸೆನ್ಸ್ ಇರಲಿಲ್ಲ. ಇರಲು ವಯಸ್ಸೂ ಆಗಿರಲಿಲ್ಲ. ಹೆಲ್ಮೆಟ್ ಒಂದೇ ಇತ್ತು. ಅದನ್ನು ಅವನಿಗೆ ಕೊಟ್ಟೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಬಟ್ಟೆಮಲ್ಲಪ್ಪ ದಾಟಿದ ಮೇಲೆ ಒಂದು ಬಲ ತಿರುವು. ಮರದ ನೆರಳಿನಲ್ಲಿ ರಸ್ತೆ ಇನ್ನೂ ಒದ್ದೆಯಿತ್ತು, ಎಲೆಗಳು ಬಿದ್ದಿದ್ದವು. ತಮ್ಮನಿಗೆ ತೋರಿಸಬೇಕು ಎಂದು ನಾನು ಬಲ ಮೊಣಕಾಲನ್ನು ಹೊರಗೆ ಚಾಚಿದೆ. ವಿಡಿಯೋದಲ್ಲಿ ನೋಡಿದ್ದು ಮೊಣಕಾಲು ಮಾತ್ರ. ಎದೆ, ತಲೆ, ಭುಜ ಎಲ್ಲಿರಬೇಕು ಎಂಬುದನ್ನು ನೋಡಿರಲಿಲ್ಲ. ಮೊಣಕಾಲು ಒಳಗೆ ಹೋಯಿತು, ಹೆದರಿಕೆಗೆ ಎದೆ ಹೊರಬದಿಗೆ ಹೋಯಿತು. ಅಂದರೆ ಭಾರ ಒಳಕ್ಕೆ ಸರಿಯುವ ಬದಲು ಹೊರಕ್ಕೇ ಸರಿಯಿತು, ಬೈಕ್ ಇನ್ನಷ್ಟು ವಾಲಬೇಕಾಯಿತು. ಹಿಂದೆ ಕೂತ ತಮ್ಮನೂ ಹೆದರಿ ನೆಟ್ಟಗೆ ಕೂತ. ನಾನು ತಿರುವಿನ ಮಧ್ಯದಲ್ಲಿ ಮುಂದಿನ ಬ್ರೇಕ್ ಹಿಡಿದೆ. ಪರ್ಸು ಖಾಲಿಯಾಯಿತು.

ಬೈಕ್ ಬಲಕ್ಕೆ ಮಲಗಿ ಎಡ ಅಂಚಿನ ಚರಂಡಿಯವರೆಗೆ ಜಾರಿತು. ಎದುರಿನಿಂದ ಬಸ್ಸು ಬರಲಿಲ್ಲ. ಅದು ನನ್ನ ಜಾಣತನವಲ್ಲ, ಮೇಲಿನವನ ದಯೆ. ನನಗೆ ಮೊಣಕೈ, ತೊಡೆ ತರಚಿತು. ತಮ್ಮನ ಬಲ ಭುಜದ ಮುಂದಿನ ಎಲುಬು, ಕಾಲರ್ ಬೋನ್ ಎನ್ನುತ್ತಾರಲ್ಲ, ಅದು ಮುರಿಯಿತು. ಅವನು ಬರೆಯುವ ಕೈ ಅದು. ರಜೆ ಮುಗಿದ ಮೇಲೆ ವಾರಗಟ್ಟಲೆ ಅವನು ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಶಾಲೆಗೆ ಹೋದ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ನೋಟ್ಸ್ ಬರೆಯಲಾಗದೆ ಕುಳಿತ.

ಅಮ್ಮಿ ಅತ್ತರು. ಭಾಯಿಜಾನ್ ಎರಡು ದಿನ ಮಾತಾಡಲಿಲ್ಲ. ಅಬ್ಬಾ ಮಾತ್ರ ಬೈಯಲಿಲ್ಲ. ಆಸ್ಪತ್ರೆಯ ಬಿಲ್ಲು, ಎಕ್ಸ್‌ರೇ, ಬೈಕಿನ ರಿಪೇರಿ, ತೀರ್ಥಹಳ್ಳಿಗೆ ಹೋಗಿಬಂದ ಖರ್ಚು ಎಲ್ಲವನ್ನೂ ನನ್ನ ಕೈಗೆ ಕೊಟ್ಟು, ನೀನು ಅಕೌಂಟೆನ್ಸಿ ಓದುತ್ತೀಯಲ್ಲ, ಇದನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ತಾ ಎಂದರು. ಬರೆದೆ. ಮೊತ್ತ ಇಲ್ಲಿ ಹೇಳುವುದಿಲ್ಲ. ಆದರೆ ತಮ್ಮನ ಬರೆಯದ ನೋಟ್ಸನ್ನು ಯಾವ ಖಾತೆಗೆ ಹಾಕಬೇಕೆಂದು ನನಗೆ ತಿಳಿಯಲಿಲ್ಲ. ಅಬ್ಬಾಗೂ ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಆ ವಾರ ಬೈಕ್ ರಿಪೇರಿಗೆ ಚಿಚ್ಚಾ ಅವರ ಗ್ಯಾರೇಜಿನಲ್ಲಿತ್ತು. ನಾನು ಶಾಲಾ ಹುಡುಗನ ಹಾಗೆ ಮೂಲೆಯಲ್ಲಿ ನಿಂತಿದ್ದೆ. ಚಿಚ್ಚಾ ಬಾಗಿದ ಫುಟ್‌ರೆಸ್ಟನ್ನು ನೆಟ್ಟಗೆ ಮಾಡುತ್ತಾ, ಮೊಣಕಾಲು ಚಾಚುವುದನ್ನು ಮೊದಲು ಯಾರು ಮಾಡಿದರು, ಅವರು ಅದನ್ನು ಎಲ್ಲಿ ಕಲಿತರು, ಹೇಗೆ ತೀರಿಕೊಂಡರು ಎಂದು ಹೋಗಿ ಓದು, ಆಮೇಲೆ ಬೈಕ್ ಮುಟ್ಟು ಎಂದರು. ಹಾಗೆ ನಾನು ಸಾರಿನೆನ್ ಅವರ ಬಳಿಗೆ ಬಂದೆ.

1972ರಲ್ಲಿ ಅವರು 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದರು. ಇಟಲಿಯ ರೆಂಜೊ ಪಸೊಲಿನಿ ಎರಡನೆಯವರು. ಇಬ್ಬರ ನಡುವೆ ಇದ್ದ ಅಂತರ ಒಂದೇ ಅಂಕ. ಸಾರಿನೆನ್ ಅವರಿಗೆ 94, ಪಸೊಲಿನಿ ಅವರಿಗೆ 93. ಅದೇ ವರ್ಷ 350 ಸಿಸಿಯಲ್ಲಿ ಅವರು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಜಾಕೊಮೊ ಅಗೊಸ್ಟಿನಿ ಅವರನ್ನು ಸೋಲಿಸಿದರು. ಅಗೊಸ್ಟಿನಿ ಎಂದರೆ ಆ ಕಾಲದಲ್ಲಿ ಸೋಲೇ ಕಾಣದವರು ಎಂಬ ಮಾತಿತ್ತು.

1973ರ ಆರಂಭ ಇನ್ನೂ ದೊಡ್ಡದು. ಮಾರ್ಚ್‌ನಲ್ಲಿ ಅಮೆರಿಕದ ಡೇಟೋನಾ 200 ಪಂದ್ಯದಲ್ಲಿ 750 ಸಿಸಿ ಬೈಕುಗಳ ಎದುರು 350 ಸಿಸಿ ಯಮಹಾ ಓಡಿಸಿ ಗೆದ್ದರು. ಆ ಪಂದ್ಯ ಗೆದ್ದ ಮೊದಲ ಯೂರೋಪಿಯನ್ ಅವರು. ಏಪ್ರಿಲ್‌ನಲ್ಲಿ ಇಟಲಿಯ ಇಮೋಲಾ 200 ಗೆದ್ದರು. ಗ್ರ್ಯಾಂಡ್ ಪ್ರಿ ಸರಣಿ ಶುರುವಾದಾಗ ಫ್ರಾನ್ಸಿನಲ್ಲಿ ಮತ್ತು ಆಸ್ಟ್ರಿಯಾದಲ್ಲಿ 250 ಮತ್ತು 500 ಸಿಸಿ ಎರಡನ್ನೂ ಗೆದ್ದರು. ಜರ್ಮನಿಯಲ್ಲಿ 250 ಗೆದ್ದರು, 500ರಲ್ಲಿ ಚೈನ್ ತುಂಡಾಗಿ ನಿಂತರು. ಎರಡೂ ವಿಭಾಗದಲ್ಲಿ ಅವರೇ ಚಾಂಪಿಯನ್ ಎಂದು ಎಲ್ಲರೂ ತಿಳಿದಿದ್ದರು.

1973ರ ಮೇ 20, ಭಾನುವಾರ. ಇಟಲಿಯ ಮೊಂಜಾ ಟ್ರ್ಯಾಕಿನಲ್ಲಿ 250 ಸಿಸಿ ಪಂದ್ಯ. ಮೊದಲ ಸುತ್ತಿನಲ್ಲೇ, ಕುರ್ವಾ ಗ್ರಾಂಡೆ ಎಂಬ ವೇಗದ ಬಲ ತಿರುವಿನಲ್ಲಿ, ಮುಂದಿದ್ದ ಪಸೊಲಿನಿ ಬಿದ್ದರು. ಬೆನ್ನಿಗೇ ಇದ್ದ ಸಾರಿನೆನ್ ಅವರಿಗೆ ತಪ್ಪಿಸಿಕೊಳ್ಳಲು ಜಾಗವೂ ಇರಲಿಲ್ಲ, ಸಮಯವೂ ಇರಲಿಲ್ಲ. ರಸ್ತೆಯ ಅಂಚಿನಲ್ಲೇ ಉಕ್ಕಿನ ತಡೆಗೋಡೆ ಇತ್ತು. ಅದಕ್ಕೆ ಬಡಿದ ಬೈಕು ಟ್ರ್ಯಾಕಿಗೇ ಮರಳಿ ಬಂತು. ಹಿಂದಿನಿಂದ ಬಂದ ಹತ್ತಕ್ಕೂ ಹೆಚ್ಚು ಸವಾರರು ಅದರಲ್ಲಿ ಸಿಕ್ಕಿಬಿದ್ದರು. ಪಸೊಲಿನಿ ಮತ್ತು ಸಾರಿನೆನ್ ಇಬ್ಬರೂ ಅಲ್ಲೇ ತೀರಿಕೊಂಡರು. ಒಂದು ವರ್ಷದ ಹಿಂದೆ ಒಂದೇ ಅಂಕದ ಅಂತರದಲ್ಲಿ ನಿಂತವರು ಒಂದೇ ತಿರುವಿನಲ್ಲಿ ಹೋದರು. ಸಾರಿನೆನ್ ಅವರಿಗೆ ಆಗ 27 ವರ್ಷ.

ಪಸೊಲಿನಿ ಏಕೆ ಬಿದ್ದರು ಎಂಬುದಕ್ಕೆ ಎರಡು ವಾದಗಳಿವೆ. ಹಿಂದಿನ 350 ಸಿಸಿ ಪಂದ್ಯದಲ್ಲಿ ಒಂದು ಬೈಕಿನಿಂದ ಸೋರಿದ ಎಣ್ಣೆಯನ್ನು ಟ್ರ್ಯಾಕಿನಿಂದ ತೆಗೆದಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಪಸೊಲಿನಿ ಅವರ ಬೈಕಿನ ಎಂಜಿನ್ನೇ ಒಮ್ಮೆಲೇ ಹಿಡಿದುಕೊಂಡಿತು ಎಂದು ಇನ್ನು ಕೆಲವರು. ಯಾವುದೇ ಇರಲಿ, ತಪ್ಪು ಸಾರಿನೆನ್ ಅವರ ಸವಾರಿಯದ್ದಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಮದ ಮೇಲೆ ಕಲಿತವರು, ಎಂಜಿನಿಯರಿಂಗ್ ಓದಿದವರು, ವಿಶ್ವ ಚಾಂಪಿಯನ್. ಎದುರಿನಿಂದ ವಾಹನ ಬರದ ಟ್ರ್ಯಾಕು. ಮೈಮೇಲೆ ಚರ್ಮದ ಉಡುಪು, ತಲೆಗೆ ಹೆಲ್ಮೆಟ್. ಅಷ್ಟಿದ್ದೂ ತಿರುವಿನಲ್ಲಿ ಮುಂದೆ ಏನು ಬಿದ್ದಿದೆ ಎಂಬುದು ಅವರ ಕೈಯಲ್ಲಿರಲಿಲ್ಲ. ನನ್ನ ಬಳಿ ಏನಿತ್ತು? ಭಾಯಿಜಾನ್ ಬೈಕಿನ ಕೀ ಮತ್ತು ಮೊಬೈಲಿನ ವಿಡಿಯೋ.

ಆ ದುರಂತದ ನಂತರ ಅಂದಿನ 500 ಸಿಸಿ ಪಂದ್ಯ ನಡೆಯಲಿಲ್ಲ. ಯಮಹಾ ಕಂಪನಿ ತನ್ನ ತಂಡವನ್ನು ಆ ವರ್ಷದ ಉಳಿದ ಪಂದ್ಯಗಳಿಂದ ಹಿಂದೆ ತೆಗೆದುಕೊಂಡಿತು. ಮೊಂಜಾಕ್ಕೆ ಬೈಕಿನ ಗ್ರ್ಯಾಂಡ್ ಪ್ರಿ ಮರಳಿದ್ದು 1981ರಲ್ಲಿ. ಟ್ರ್ಯಾಕಿನ ಅಂಚಿನ ತಡೆಗೋಡೆಗಳ ವಿರುದ್ಧ ಸವಾರರು ದನಿ ಎತ್ತಿದರು. ಇಂದು ಟ್ರ್ಯಾಕಿನ ತಿರುವುಗಳ ಹೊರಗೆ ಬಿದ್ದವರು ಜಾರಿ ನಿಲ್ಲಲು ದೊಡ್ಡ ಖಾಲಿ ಜಾಗ, ಜಲ್ಲಿಯ ಹಾಸು ಇರುತ್ತದೆ.

ಅವರ ಸವಾರಿ ಅವರೊಂದಿಗೆ ಹೋಗಲಿಲ್ಲ. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಪಂದ್ಯದಲ್ಲಿ ಕೆನ್ನಿ ರಾಬರ್ಟ್ಸ್ ಎಂಬ ಯುವಕ ಸಾರಿನೆನ್ ಅವರನ್ನು ನೋಡಿ, ತಾವೂ ಮೈಯನ್ನು ಒಳಕ್ಕೆ ಸರಿಸುವುದನ್ನು ಕಲಿತರು. ಅವರು 1978, 1979, 1980 ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದರು. ಆಮೇಲೆ ಎಲ್ಲರೂ ಹಾಗೇ ಓಡಿಸತೊಡಗಿದರು. ಇಂದು ನಾವು ಟಿವಿಯಲ್ಲಿ ನೋಡುವ, ಮೊಣಕೈಯನ್ನೂ ನೆಲಕ್ಕೆ ತಾಗಿಸುವ ಸವಾರರು ಆ ದಾರಿಯಲ್ಲೇ ಬಂದವರು. 2009ರಲ್ಲಿ ಸಾರಿನೆನ್ ಅವರನ್ನು ಮೋಟೋ ಜಿಪಿಯ ದಂತಕಥೆಗಳ ಸಾಲಿಗೆ ಸೇರಿಸಿದರು. ಅವರ ಸಮಾಧಿ ಹುಟ್ಟೂರು ತುರ್ಕುವಿನಲ್ಲಿದೆ.

ಸ್ನೇಹಿತರೇ, ನಮ್ಮ ಸುತ್ತ ತಿರುವುಗಳಿಗೆ ಬರವಿಲ್ಲ. ತೀರ್ಥಹಳ್ಳಿ ದಾಟಿದರೆ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳು, ಹೊಸನಗರದ ಕಡೆ ಹುಲಿಕಲ್ ಘಾಟಿ. ಮಳೆಗಾಲದಲ್ಲಿ ಪಾಚಿ, ಮಣ್ಣು, ಲಾರಿಯಿಂದ ಚೆಲ್ಲಿದ ಡೀಸೆಲ್, ದಾಟುವ ದನ. ಯಾವ ತಿರುವಿನ ಆಚೆ ಏನಿದೆ ಎಂದು ಯಾರೂ ಬಾವುಟ ಹಿಡಿದು ತೋರಿಸುವುದಿಲ್ಲ. ರಸ್ತೆಯಲ್ಲಿ ಮೊಣಕಾಲು ಚಾಚುವ ಅಗತ್ಯವೇ ಬರಬಾರದು. ಬಂದಿದೆ ಎಂದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಆದರೆ ಸಾರಿನೆನ್ ಅವರಿಂದ ರಸ್ತೆಗೂ ತರಬಹುದಾದ್ದು ಇದೆ. ತಿರುವಿಗೆ ಮೊದಲೇ ವೇಗ ಇಳಿಸುವುದು, ದೂರಕ್ಕೆ ನೋಡುವುದು, ಕೈ ಮೆತ್ತಗೆ ಇಡುವುದು, ತನ್ನ ಬೈಕನ್ನು ತಾನೇ ಬಲ್ಲವನಾಗಿರುವುದು.

ಕಾನೂನನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಗೇರ್ ಬೈಕ್ ಓಡಿಸಲು 18 ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ಓಡಿಸಿದವನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಾನು ಆ ದಿನ ಪಣಕ್ಕೆ ಇಟ್ಟದ್ದು ನನ್ನದನ್ನು ಮಾತ್ರವಲ್ಲ, ಭಾಯಿಜಾನ್ ಅವರದ್ದನ್ನೂ.

ತಮ್ಮನ ಭುಜ ಈಗ ಕೂಡಿಕೊಂಡಿದೆ. ಅವನು ಬಿಟ್ಟ ಪಾಠಗಳ ನೋಟ್ಸನ್ನು ನಾನು ಭಾನುವಾರಗಳಲ್ಲಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ಅವನ ಪುಸ್ತಕಕ್ಕೆ ಬರೆದುಕೊಟ್ಟೆ. ಮಾಮು ಒಂದು ಮಾತೂ ಆಡಲಿಲ್ಲ, ಪ್ರತಿ ಸಲವೂ ಊಟ ಮಾಡಿಸಿ ಕಳಿಸಿದರು. ಬಸ್ಸು ಬಟ್ಟೆಮಲ್ಲಪ್ಪ ದಾಟಿ ಆ ತಿರುವಿಗೆ ಬಂದಾಗ ಡ್ರೈವರ್ ಮೊದಲೇ ಗೇರ್ ಇಳಿಸುತ್ತಾರೆ. ನಾನು ಕಿಟಕಿಯಿಂದ ಆ ಚರಂಡಿಯನ್ನು ನೋಡುತ್ತೇನೆ. ಚಿಚ್ಚಾ ಯೆಜ್ಡಿಯ ಎಂಜಿನ್ ಬಿಚ್ಚುವುದನ್ನು ನನಗೆ ಕಲಿಸುತ್ತಿದ್ದಾರೆ. ಓಡಿಸುವುದು ಮುಂದಿನ ವರ್ಷ, ಲೈಸೆನ್ಸ್ ಬಂದ ಮೇಲೆ.